ಅಪ್‌ಡೇಟ್: ಕೊನೆ ಸುತ್ತಿನಲ್ಲಿ ಕೈತಪ್ಪಿದ ಕೆಲಸ

ಕೊನೆ ಸುತ್ತಿನ ಇಂಟರ್‌ವ್ಯೂವರೆಗೂ ಹೋಗಿ ರಿಜೆಕ್ಟ್ ಆದಾಗ, ಇದರಿಂದ ಹೊರಬರುವುದು ಹೇಗೆ ಅಂತ ಕೇಳಿದ್ದೆನಲ್ಲ, ಅದರ ಅಪ್‌ಡೇಟ್ ಇದು.

ಕೈಹಿಡಿದದ್ದು, ಎಚ್‌ಆರ್‌ಗೆ ಮೇಲ್ ಹಾಕಿ ಅಂದವರ ಸಲಹೆ. "ಯಾಕೆ ತಗೊಳ್ಳಲಿಲ್ಲ" ಅಂತ ಕೇಳದೆ, "ಮುಂದಿನ ಸಲಕ್ಕೆ ಏನು ಸುಧಾರಿಸಿಕೊಳ್ಳಲಿ" ಅಂತಷ್ಟೇ ಬರೆದೆ. ಉತ್ತರ ಬಂತು! ಆ ಹುದ್ದೆಗೆ ಕಂಪನಿಯ ಒಳಗಿನವರನ್ನೇ ತೆಗೆದುಕೊಂಡರಂತೆ. ನಾನಿಲ್ಲಿ ಸುಮ್ನೆ ನಿದ್ದೆಗೆಟ್ಟಿದ್ದೆ, ನೋಡಿ. ಜೊತೆಗೆ, "ತಂಡ ಮಾಡಿದ್ದನ್ನೇ ಜಾಸ್ತಿ ಹೇಳಿದಿರಿ, ನಿಮ್ಮ ಪಾಲೆಷ್ಟು ಅಂತ ತಿಳಿಯಲಿಲ್ಲ" ಅಂದರು. ಇದನ್ನು ಯಾರೂ ಹೇಳಿರಲಿಲ್ಲ.

ಸಿಕ್ಕ ಸಿಕ್ಕ ಕಡೆ ಅರ್ಜಿ ಹಾಕಿ ಅನ್ನುವ ಸಲಹೆ ಮಾತ್ರ ಆಗಿಬರಲಿಲ್ಲ. ಒಂದೇ ರೆಸ್ಯೂಮೆ ಎಲ್ಲ ಕಡೆ ಕಳಿಸಿದರೆ ಯಾರು ಕರೀತಾರೆ, ಅಲ್ವಾ?

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಅದೇ ಎಚ್‌ಆರ್ ಬೇರೆ ತಂಡದ ಹುದ್ದೆಗೆ ಕರೆದಿದ್ದಾರೆ, ಗುರುವಾರ ಇಂಟರ್‌ವ್ಯೂ.