ಒಂದೇ ಪದ ಬೇಕು: ಚಾಕುವೋ, ಚೂರಿಯೋ?

ಬಲ್ಲವರೆಲ್ಲರಿಗೂ ನಮಸ್ಕಾರ. ಆಲ್ಫ್ರೆಡ್ ಹಿಚ್‌ಕಾಕ್ 1929ರಲ್ಲಿ ತೆಗೆದ ‘ಬ್ಲ್ಯಾಕ್‌ಮೇಲ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಮೂಕಿಯಾಗಿ ಆರಂಭವಾಗಿ ನಡುವೆ ಮಾತು ಪಡೆದ ಚಿತ್ರವದು. ಅದರ ಒಂದೇ ಒಂದು ಪದದ ಮುಂದೆ ಮೂರು ದಿನದಿಂದ ಕುಳಿತಿದ್ದೇನೆ.

ಲಂಡನ್ನಿನ ಅಂಗಡಿಕಾರನ ಮಗಳು ಆಲಿಸ್. ತನ್ನ ಮೇಲೆ ಬಲಾತ್ಕಾರಕ್ಕೆ ಬಂದ ಚಿತ್ರಕಾರನನ್ನು, ಬ್ರೆಡ್ಡಿನ ಪಕ್ಕದಲ್ಲಿ ಕೈಗೆ ಸಿಕ್ಕಿದ್ದರಿಂದಲೇ ಇರಿದು ಕೊಂದಿದ್ದಾಳೆ. ಮನೆಯವರಿಗೆ ಗೊತ್ತಿಲ್ಲ. ಮರುದಿನ ತಿಂಡಿಯ ಹೊತ್ತಿಗೆ ನೆರೆಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಆ ಕೊಲೆಯ ಸುದ್ದಿಯನ್ನೇ ಹರಟುತ್ತಾಳೆ. ಉಳಿದ ಮಾತೆಲ್ಲ ಮಸುಕಾಗಿ ಗೊಣಗಾಟವಾಗುತ್ತದೆ; ‘ನೈಫ್’ ಎಂಬುದೊಂದೇ ಮತ್ತೆ ಮತ್ತೆ ಆಲಿಸಳ ಕಿವಿಗೆ ಬಡಿಯುತ್ತದೆ. ಅಪ್ಪ ಬ್ರೆಡ್ ಕೊಯ್ದುಕೊಡು ಎನ್ನುತ್ತಾನೆ. ಅವಳು ಕೈಚಾಚುತ್ತಾಳೆ. ಕೊನೆಯ ‘ನೈಫ್’ ಕಿರುಚಿದಂತೆ ಕೇಳಿಸಿ, ಹಿಡಿದದ್ದು ಅವಳ ಕೈಯಿಂದ ಹಾರಿಬೀಳುತ್ತದೆ.

ಹಾಗಾಗಿ ತಿಂಡಿಯ ಮೇಜಿಗೂ ಹೆಣದ ಪಕ್ಕಕ್ಕೂ ಸಲ್ಲುವ ಒಂದೇ ಪದ ಬೇಕು. ಚೂರಿ ಎಂದರೆ ಮೊದಲು ನೆನಪಾಗುವುದು ಇರಿತ. ಬೆನ್ನಿಗೆ ಹಾಕುವುದೂ ಚೂರಿಯನ್ನೇ. ಕತ್ತಿ ಹಳೇ ಮೈಸೂರಿನ ನಮಗೆ ಯುದ್ಧದ್ದು, ಕರಾವಳಿಯವರಿಗೆ ತೋಟದ್ದು. ಚಾಕು ಎರಡೂ ಕಡೆ ಒಗ್ಗುತ್ತದೆ: ಟೊಮೆಟೊ ಹೆಚ್ಚುವುದಕ್ಕೂ ಅದೇ, ಪತ್ರಿಕೆಯ ಅಪರಾಧ ಸುದ್ದಿಯಲ್ಲೂ ಅದೇ. ನನ್ನ ಒಲವು ಅದರತ್ತ.

ತೊಡಕಿರುವುದು ವಿಭಕ್ತಿಯಲ್ಲಿ. ‘ನೈಫ್’ ಬರಿಮೈಯಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ‘ಚಾಕುವಿನಿಂದ’, ‘ಚಾಕುವನ್ನು’ ಎಂದೊಡನೆ ಮೊನೆ ಮೊಂಡಾಗುತ್ತದೆ. ಈ ದೃಶ್ಯದ ಜೀವವೇ ಆ ಸದ್ದು, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಪುಣ್ಯಕ್ಕೆ ಕನ್ನಡದಲ್ಲಿ ಜಡವಸ್ತು ಪ್ರತ್ಯಯವಿಲ್ಲದೆಯೂ ಕರ್ಮವಾಗುತ್ತದೆ: ‘ಚಾಕು ಹಿಡಿದು’, ‘ಚಾಕು ಎತ್ತಿ’, ‘ಚಾಕು ಹಾಕಿ’. ನೆರೆಯವಳ ಮಾತನ್ನೆಲ್ಲ ಈ ಜಾಡಿನಲ್ಲೇ ಕಟ್ಟಿ, ಕೊನೆಗೆ ಚುಕ್ಕಿಗಳ ನಡುವೆ ‘ಚಾಕು’ ಒಂದನ್ನೇ ಉಳಿಸಬೇಕೆಂದಿದ್ದೇನೆ.

ಚಿತ್ರದ ಹೆಸರನ್ನು ಮುಟ್ಟುವುದಿಲ್ಲ. ಆಲಿಸಳ ಗುಟ್ಟು ಬಲ್ಲ ಟ್ರೇಸಿ ಎಂಬವನು ಅವಳ ಅಪ್ಪನದೇ ಅಂಗಡಿಯ ದುಬಾರಿ ಸಿಗಾರ್ ಹಚ್ಚಿ, ಅವರ ಮನೆಯದೇ ಮೇಜಿಗೆ ತಿಂಡಿಗೆ ಕೂರುತ್ತಾನೆ. ಜುಟ್ಟು ಹಿಡಿದವನ ಆ ಠೀವಿ ‘ಸುಲಿಗೆ’ ಎಂಬ ಪದಕ್ಕೆ ದಕ್ಕುವುದಿಲ್ಲ.

ಕೇಳಬೇಕಾದದ್ದು ಇಷ್ಟು. ‘ಚಾಕು ಹಾಕಿದ’ ಎಂಬ ಬಳಕೆ ನಿಮ್ಮ ಊರಿನ ಹೆಂಗಸರ ಹರಟೆಯಲ್ಲಿ ಸಹಜವೇ, ಅಥವಾ ‘ಹಾಕು’ ಬಂದರೆ ಚೂರಿಯೇ ಬರಬೇಕೇ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ಅಡುಗೆಮನೆಯಲ್ಲಿ ಅದನ್ನು ಏನೆನ್ನುತ್ತಾರೆಂದೂ ತಿಳಿಸಿ.