ಸಂಬಳವೇ ಇಲ್ಲದವನ ದುಡಿಮೆಯನ್ನು ಕೋರ್ಟ್ ಜಪ್ತಿ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವನು, ಮರಗೆಲಸ ಮಾಡುತ್ತೇನೆ. ಖಾಸಗಿ ಫೈನಾನ್ಸ್ ಒಂದರಲ್ಲಿ ಸಾಲ ಮಾಡಿದ್ದೆ, ಕಂತು ನಿಂತುಹೋಯಿತು. 2,40,000 ರೂಪಾಯಿ ಕಟ್ಟಬೇಕು ಅಂತ ಕೋರ್ಟಿನಲ್ಲಿ ಡಿಕ್ರಿ ಆಗಿದೆಯಂತೆ. ಹೋದ ವಾರ ಆ ಡಿಕ್ರಿ ಹಣದ ವಸೂಲಿಗೆ ಅಮಲ್ಜಾರಿ ನೋಟಿಸ್ ಬಂದಾಗಲೇ ಗೊತ್ತಾಗಿದ್ದು. ಮೊದಲು ಯಾವ ಸಮನ್ಸೂ ಬಂದಿರಲಿಲ್ಲ. ಸಂಬಳ ಇಲ್ಲದವನ ಹತ್ತಿರ ಏನೂ ಹಿಡಿಯಲು ಆಗಲ್ಲ ಅಂತಾರೆ. ನಿಜವಾ? ಮೆಷಿನ್ ಹೊತ್ತುಕೊಂಡು ಹೋಗುತ್ತಾರಾ?

ಉತ್ತರ: ಆ ಮಾತು ನಂಬಿ ಸುಮ್ನೆ ಕೂರಬೇಡಿ. ಸಂಬಳದಾರರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ರಕ್ಷಣೆ ಕೊಡುತ್ತದೆ. ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 31,000 ಸಂಬಳ ಇದ್ದರೆ ಹಿಡಿಯುವುದು 10,000 ಮಾತ್ರ, ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು. ಗುತ್ತಿಗೆ ಹಿಡಿದು ಕೆಲಸ ಮಾಡುವವರಿಗೆ ಈ ಲೆಕ್ಕ ಇಲ್ಲ. ಬ್ಯಾಂಕ್ ಖಾತೆ ತಡೆಯಬಹುದು. ನಿಮಗೆ ದುಡ್ಡು ಕೊಡಬೇಕಾದ ಮನೆ ಮಾಲೀಕರಿಗೇ ಕೋರ್ಟ್ ಗಾರ್ನಿಷಿ ನೋಟಿಸ್ ಕಳಿಸಿ, ಆ ದುಡ್ಡು ಇಲ್ಲಿ ಕಟ್ಟಿ ಎನ್ನಬಹುದು. ದಿನಗೂಲಿಗೆ ಹೋಗುತ್ತಿದ್ದರೆ ಮಾತು ಬೇರೆ. ಕೂಲಿಕಾರರ ಕೂಲಿಯನ್ನು ಜಪ್ತಿ ಮಾಡುವಂತಿಲ್ಲ, ನುರಿತ ಕೆಲಸಗಾರರೂ ಅದರಲ್ಲಿ ಸೇರುತ್ತಾರೆ. ಹಾಗಾಗಿ ನೀವು ಯಾವ ಲೆಕ್ಕದಲ್ಲಿ ದುಡಿಯುತ್ತೀರಿ ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳಿ.

ಉಳಿ, ಉಜ್ಜುಗೊರಡಿನಂಥ ಕಸುಬಿನ ಉಪಕರಣಗಳಿಗೂ ಅದೇ ಕಲಂನಲ್ಲಿ ರಕ್ಷಣೆ ಇದೆ. ಜಪ್ತಿಗೆ ಬರುವ ಕೋರ್ಟ್ ಅಮೀನರು ಮೆಷಿನ್‌ಗೆ ಕೈ ಹಾಕಿದರೆ, ಇದೂ ನನ್ನ ಕಸುಬಿನ ಉಪಕರಣವೇ ಎಂದು ಕೋರ್ಟ್‌ನಲ್ಲಿ ತಕರಾರು ಹಾಕಿ. ಆದರೆ ಆ ಮೆಷಿನ್ ಅಡವಿಟ್ಟೇ ಸಾಲ ತಗೊಂಡಿದ್ದರೆ ಈ ರಕ್ಷಣೆ ನೆಚ್ಚಿಕೊಳ್ಳಬೇಡಿ.

ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಸಮನ್ಸ್ ವಿಷಯದಲ್ಲಿ. ಸಮನ್ಸ್ ಸರಿಯಾಗಿ ಜಾರಿಯಾಗದೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನೀವು ಹಾಜರಿಲ್ಲದೆಯೇ ಡಿಕ್ರಿ ಆಗಿದ್ದರೆ, ಗೊತ್ತಾದ ದಿನದಿಂದ 30 ದಿನದೊಳಗೆ ಅದನ್ನು ರದ್ದು ಮಾಡಿ ಎಂದು ಕೇಳಬಹುದು. ನಿಮಗೆ ಈಗಾಗಲೇ ಒಂದು ವಾರ ಹೋಗಿದೆ! ನೋಟಿಸ್ ಬಂದ ಲಕೋಟೆ ಬಿಸಾಡಬೇಡಿ, ತಾರೀಖಿಗೆ ಅದೇ ಸಾಕ್ಷಿ.

ಪ್ರಶ್ನೆ: ಆಗಲಿ ಮೇಡಂ, ಲಕೋಟೆ ಇದೆ. ಹೆಂಡತಿಯೂ ಜಾಮೀನು ಹಾಕಿದ್ದಾಳೆ, ಇಬ್ಬರನ್ನೂ ಜೈಲಿಗೆ ಹಾಕುತ್ತಾರೆ ಅಂತ ವಸೂಲಿಯವರು ಹೆದರಿಸುತ್ತಿದ್ದಾರೆ. ಅವಳು ರಾತ್ರಿ ನಿದ್ದೆ ಮಾಡುತ್ತಿಲ್ಲ.

ಉತ್ತರ: ಮೊದಲು ನಿಮ್ಮ ಹೆಂಡತಿಗೆ ಇದನ್ನು ಓದಿ ಹೇಳಿ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ, ಅದೇ ಸಂಹಿತೆಯ 56ನೇ ಕಲಂನಲ್ಲಿ ಸ್ಪಷ್ಟವಾಗಿದೆ. ನಿಮ್ಮನ್ನೂ ಬರೀ ದುಡ್ಡಿಲ್ಲ ಎಂಬ ಕಾರಣಕ್ಕೆ ಹಾಕುವಂತಿಲ್ಲ. ಕೈಯಲ್ಲಿ ಇದ್ದೂ ಕೊಡಲಿಲ್ಲ, ಆಸ್ತಿ ಬಚ್ಚಿಟ್ಟರು ಅಂತ ತೋರಿಸಬೇಕು. ಬಡತನಕ್ಕೆ ಜೈಲು ಶಿಕ್ಷೆಯಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಆದರೆ ಕೋರ್ಟ್ ಕರೆದ ದಿನ ಹೋಗಲೇಬೇಕು, ಅಲ್ವಾ? ಹೋಗದಿದ್ದರೆ ವಾರಂಟ್ ಆಗಬಹುದು. ಆಸ್ತಿ ಬಚ್ಚಿಟ್ಟರು ಎನ್ನಿಸಿಕೊಳ್ಳಬಾರದು, ಅದಕ್ಕೇ ನಿಮ್ಮ ಬ್ಯಾಂಕ್ ಖಾತೆಯ ದುಡ್ಡನ್ನು ಬೇರೆಯವರ ಹೆಸರಿಗೆ ಹಾಕುವ ಕೆಲಸ ಮಾತ್ರ ಮಾಡಬೇಡಿ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ನಾಳೆಯೇ ಇಬ್ಬರೂ ಹೋಗಿ, ನೋಟಿಸ್, ಲಕೋಟೆ ಎರಡನ್ನೂ ತಗೊಂಡು ಹೋಗಿ.