ದೆವ್ವದ ಕಥೆ ಇರುವ ಗಿರಿಧಾಮಗಳು: ಹೋಗಿ ಬಂದವರ ಅನುಭವ

ಕೇಳಿದ್ದು

ಡಿಸೆಂಬರ್ ರಜೆಗೆ ನಾನು, ಅಕ್ಕ, ಭಾವ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. ಬೆಟ್ಟ, ಮಂಜು, ಚಳಿ ಬೇಕು. ಜೊತೆಗೆ ದೆವ್ವ ಇದೆ ಅಂತ ಹೆಸರಾದ ಒಂದೆರಡು ಜಾಗ ನೋಡುವ ಆಸೆ. ರಾತ್ರಿ ಹೋದರೆ ಚೆನ್ನಾಗಿರುತ್ತದಾ? ಯಾವುದಕ್ಕೆ ಹೋಗಬಹುದು, ಯಾವುದು ಬೇಡ? ದೂರವಾದರೂ ಪರವಾಗಿಲ್ಲ. ಹೋಗಿ ಬಂದವರು ಹೇಳಿ.

ಮೊದಲ ಉತ್ತರ

ಕರ್ಸಿಯಾಂಗ್‌ಗೆ ಹೋಗಿ. ಡಾರ್ಜಿಲಿಂಗ್ ದಾರಿಯಲ್ಲೇ ಸಿಗುವ ಊರು. ಸುಮಾರು 1,450 ಮೀಟರ್ ಎತ್ತರ. ಹೆಚ್ಚಿನವರು ಇಲ್ಲಿ ಚಹಾ ಕುಡಿದು ಮುಂದೆ ಹೋಗಿಬಿಡುತ್ತಾರೆ. ನೀವು ಉಳಿದುಕೊಳ್ಳಿ. 1881ರಲ್ಲಿ ಡಾರ್ಜಿಲಿಂಗ್ ಮುಟ್ಟಿದ ಪುಟ್ಟ ರೈಲು ಇಂದಿಗೂ ಈ ಊರಿನ ಅಂಗಡಿಗಳಿಗೆ ತಾಗುವಷ್ಟು ಹತ್ತಿರ ಹಾದು ಹೋಗುತ್ತದೆ. ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿದ್ದರೆ ಬೆಳಿಗ್ಗೆ ಕಾಂಚನಜುಂಗಾ ಕಾಣುತ್ತದೆ.

ನೀವು ಹುಡುಕುತ್ತಿರುವ ಜಾಗ ಊರಿನ ಮೇಲಿರುವ ಡೌ ಹಿಲ್. ಬ್ರಿಟಿಷರ ಕಾಲದ ಶಾಲೆಗಳು, ಸುತ್ತ ಧೂಪಿ ಮರಗಳ ಕಾಡು. ತಲೆಯಿಲ್ಲದ ಹುಡುಗನೊಬ್ಬ ರಸ್ತೆಯಲ್ಲಿ ನಡೆದು ಬಂದು ಕಾಡಿನೊಳಗೆ ಮಾಯವಾಗುತ್ತಾನೆ ಅನ್ನುವುದು ಅಲ್ಲಿನ ಕಥೆ. ಚಳಿಗಾಲದ ರಜೆಯಲ್ಲಿ ಬೀಗ ಹಾಕಿದ ಶಾಲೆಯಿಂದ ಹೆಜ್ಜೆ ಸಪ್ಪಳ ಕೇಳುತ್ತದೆ ಅಂತಲೂ ಹೇಳುತ್ತಾರೆ.

ನಾನು ಹೋಗಿದ್ದು ಮಧ್ಯಾಹ್ನ. ಧೂಪಿ ಮೂಲತಃ ಜಪಾನಿನ ಮರ, ಇಲ್ಲಿ ಒತ್ತೊತ್ತಾಗಿ ನೆಟ್ಟಿದ್ದಾರೆ. ನೆಟ್ಟಗೆ ಎತ್ತರಕ್ಕೆ ಬೆಳೆದು ಮೇಲೆಲ್ಲ ಮುಚ್ಚಿಕೊಂಡಿರುವುದರಿಂದ ಹಗಲಲ್ಲೇ ಕೆಳಗೆ ಕತ್ತಲು. ಆಮೇಲೆ ಕಣಿವೆಯಿಂದ ಮಂಜು ಎದ್ದು ಬಂತು. ಇಳಿಜಾರಿನಲ್ಲಿ ಒಂದಿಷ್ಟು ಮುಂದೆ ನಡೆಯುತ್ತಿದ್ದ ಒಬ್ಬರ ಕಾಲು, ಸೊಂಟ ಸರಿಯಾಗಿ ಕಾಣುತ್ತಿತ್ತು. ಭುಜದಿಂದ ಮೇಲೆ ಏನೂ ಇಲ್ಲ! ತಲೆಯಿಲ್ಲದ ಹುಡುಗನ ಕಥೆ ಹೇಗೆ ಹುಟ್ಟಿರಬಹುದು ಅಂತ ನನಗೆ ಆಗ ಹೊಳೆಯಿತು. ಮೈ ಜುಮ್ಮೆಂದದ್ದು ಮಾತ್ರ ನಿಜ. ರಾತ್ರಿ ಹೋಗಿದ್ದರೆ ಇದ್ಯಾವುದೂ ಕಾಣುತ್ತಿರಲಿಲ್ಲ, ಟಾರ್ಚ್ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಹೊಡೆಯುತ್ತಿತ್ತು, ಅಷ್ಟೆ. ಅದಕ್ಕೇ ಹೇಳುತ್ತೇನೆ, ಹಗಲಲ್ಲಿ ಹೋಗಿ. ಶಾಲೆಗಳು ಈಗಲೂ ನಡೆಯುತ್ತಿವೆ, ಮಕ್ಕಳು ಓದುವ ಜಾಗ. ಗೇಟು ದಾಟಬೇಡಿ.

ರಾತ್ರಿಯ ಅನುಭವವೇ ಬೇಕು ಅಂದರೆ ಅದಕ್ಕೂ ದಾರಿ ಇದೆ. ಪಾಳು ಕಟ್ಟಡಕ್ಕೆ ನುಗ್ಗುವ ಬದಲು, ಕಥೆ ಇರುವ ಹಳೇ ಬಂಗಲೆಯಲ್ಲೇ ರೂಮು ಮಾಡಿ. ಕಾಲಿಂಪಾಂಗ್‌ನ ಮಾರ್ಗನ್ ಹೌಸ್ ಹಾಗಿದೆ. 1930ರ ದಶಕದಲ್ಲಿ ಸೆಣಬಿನ ವ್ಯಾಪಾರಿಯೊಬ್ಬರು ಕಟ್ಟಿಸಿದ ಕಲ್ಲಿನ ಮನೆ. ಬಳ್ಳಿ ಹಬ್ಬಿದ ಗೋಡೆ, ಹೊಗೆಗೂಡು, ಎದುರಿಗೆ ಹುಲ್ಲುಹಾಸು. ಆ ಮನೆಯ ಯಜಮಾನಿ ಹೈ ಹೀಲ್ಸ್ ಹಾಕಿಕೊಂಡು ಇಂದಿಗೂ ಓಡಾಡುತ್ತಾಳೆ ಅನ್ನುತ್ತಾರೆ. ಈಗ ಅದು ಪಶ್ಚಿಮ ಬಂಗಾಳ ಪ್ರವಾಸೋದ್ಯಮ ಇಲಾಖೆಯ ವಸತಿಗೃಹ. ರೂಮು ಕಡಿಮೆ, ಬೇಗ ಬುಕ್ ಮಾಡಿ. ಮರದ ನೆಲ ಚಳಿಗೆ ಕಿರುಗುಡುವುದನ್ನು ರಜಾಯಿ ಹೊದ್ದು ಕೇಳುವ ಸುಖವೇ ಬೇರೆ. ಮಸ್ಸೂರಿಯ ಸವಾಯ್ ಹೋಟೆಲ್ಲೂ ಇಂಥದ್ದೇ. 1902ರಲ್ಲಿ ಶುರುವಾದದ್ದು. 1911ರಲ್ಲಿ ಅಲ್ಲಿ ಇಳಿದುಕೊಂಡಿದ್ದ ಬ್ರಿಟಿಷ್ ಮಹಿಳೆಯೊಬ್ಬರು ವಿಷದಿಂದ ಸತ್ತರು. ಆ ಸಾವಿನ ಗುಟ್ಟು ಬಿಡಿಸಲು ಆಗಲೇ ಇಲ್ಲ. ಆದರೆ ಬಾಡಿಗೆ ದುಬಾರಿ.

ಇನ್ನೊಬ್ಬರು

ರೈಲು ಇಷ್ಟವಾದರೆ ಕಾಲ್ಕಾ–ಶಿಮ್ಲಾ ಮಾರ್ಗದ ಬರೋಗ್ ಬಿಡಬೇಡಿ. 33ನೇ ಸುರಂಗ, 1,143 ಮೀಟರ್ ಉದ್ದ. ಕರ್ನಲ್ ಬರೋಗ್ ಎಂಬ ಎಂಜಿನಿಯರ್ ಬೆಟ್ಟವನ್ನು ಎರಡೂ ಕಡೆಯಿಂದ ಕೊರೆಸಿದರಂತೆ. ಎರಡು ತುದಿ ಕೂಡಲಿಲ್ಲ. ಸರ್ಕಾರ ಒಂದು ರೂಪಾಯಿ ದಂಡ ಹಾಕಿತು, ಅವಮಾನ ತಡೆಯಲಾರದೆ ಅವರು ಗುಂಡು ಹಾರಿಸಿಕೊಂಡರು ಅಂತ ಅಲ್ಲಿನವರು ಹೇಳುತ್ತಾರೆ. ಆಮೇಲೆ ಹ್ಯಾರಿಂಗ್ಟನ್ ಎಂಬ ಎಂಜಿನಿಯರ್ ಬೇರೆ ಜಾಗದಲ್ಲಿ ಹೊಸ ಸುರಂಗ ತೆಗೆಸಿದರು. ಅವರಿಗೆ ದಾರಿ ತೋರಿಸಿದ್ದು ಭಲ್ಕು ಎಂಬ ಸ್ಥಳೀಯ. ಓದು ಬರಹ ಬಾರದ ಮನುಷ್ಯ, ಆದರೆ ಬೆಟ್ಟ ಗೊತ್ತಿತ್ತು. 1903ರಲ್ಲಿ ರೈಲು ಓಡಿತು.

ನನಗೆ ಅಲ್ಲಿ ಭಯ ಅನ್ನಿಸಲಿಲ್ಲ, ಸಂಕಟ ಆಯಿತು. ಒಂದು ಲೆಕ್ಕ ತಪ್ಪಿದ್ದಕ್ಕೆ ಜೀವವೇ ಹೋಯಿತಲ್ಲ. ಕರ್ನಲ್ ಸಾಹೇಬರ ಆತ್ಮ ಯಾರಿಗೂ ತೊಂದರೆ ಕೊಡುವುದಿಲ್ಲ, ದಾರಿಹೋಕರ ಜೊತೆ ಮಾತಾಡುತ್ತದೆ ಅಂತ ಜನ ನಂಬುತ್ತಾರೆ. ಎಷ್ಟು ಪ್ರೀತಿಯ ನಂಬಿಕೆ ಅಲ್ವಾ?

ರೈಲಿನಲ್ಲಿ ಕೂತರೆ ಸುರಂಗ ದಾಟಲು ಎರಡೂವರೆ, ಮೂರು ನಿಮಿಷ ಬೇಕು. ಕಿಟಕಿ ಪಕ್ಕ ಸೀಟು ಹಿಡಿಯಿರಿ. ಹಳಿಯ ಮೇಲೆ ನಡೆದು ಒಳಗೆ ಹೋಗುವ ಸಾಹಸ ಬೇಡ, ಅದು ರೈಲ್ವೆ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಸಕಲೇಶಪುರ ಕಡೆಯ ದೋಣಿಗಲ್–ಎಡಕುಮೇರಿ ಹಳಿಗೂ ಇದೇ ಮಾತು.

ಬೇಡ ಅನ್ನುವ ಜಾಗದ ಬಗ್ಗೆ

ಮಸ್ಸೂರಿಗೆ ಹೋದರೆ ಯಾರಾದರೂ ‘ಲಂಬಿ ದೇಹರ್ ಗಣಿಗೆ ರಾತ್ರಿ ಕರೆದುಕೊಂಡು ಹೋಗ್ತೀವಿ’ ಅನ್ನಬಹುದು. ಒಪ್ಪಬೇಡಿ. ಅದು ಸುಣ್ಣದ ಕಲ್ಲಿನ ಹಳೇ ಗಣಿ. ಮಸ್ಸೂರಿ, ಡೂನ್ ಕಣಿವೆಯ ಬೆಟ್ಟಗಳನ್ನು ಗಣಿಗಾರಿಕೆ ಎಷ್ಟು ಹಾಳು ಮಾಡಿತ್ತು ಅಂದರೆ, 1985ರಲ್ಲಿ ಸುಪ್ರೀಂ ಕೋರ್ಟೇ ಅಲ್ಲಿನ ಹಲವು ಗಣಿಗಳನ್ನು ಮುಚ್ಚಿಸಿತು. ಕಲ್ಲಿನ ಪುಡಿ ಕುಡಿದು ಕುಡಿದು ಗಣಿ ಕೂಲಿಗಳ ಶ್ವಾಸಕೋಶ ಹಾಳಾಗುವುದು ಎಲ್ಲ ಕಡೆ ನಡೆದ ಸತ್ಯ. ಅಂಥ ಜಾಗದಲ್ಲಿ ಕಿರುಚಾಟ ಕೇಳುತ್ತದೆ ಅಂತ ವಿಡಿಯೋ ಮಾಡುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಸತ್ತವರು ಯಾರದೋ ಅಪ್ಪ, ಅಣ್ಣ.

ಅಪಾಯವೂ ಇದೆ. ಹಳೇ ಗಣಿಯಲ್ಲಿ ಮೇಲಿನ ಕಲ್ಲು ಯಾವಾಗ ಕಳಚುತ್ತದೋ ಗೊತ್ತಾಗುವುದಿಲ್ಲ. ಒಳಗೆ ಹೋದಂತೆ ಆಮ್ಲಜನಕ ಕಡಿಮೆ ಆಗಬಹುದು, ವಾಸನೆಯಿಂದ ಅದು ತಿಳಿಯದು. ಪಾಳು ಮನೆಗಳದ್ದೂ ಇದೇ ಕಥೆ. ಗೆದ್ದಲು ತಿಂದ ಮಹಡಿ, ಮುಚ್ಚಳವಿಲ್ಲದ ಬಾವಿ, ಹಾವು. ಕೊಡೈಕೆನಾಲ್‌ನ ಗುಣ ಗುಹೆಗೆ ಬ್ರಿಟಿಷರು ‘ಡೆವಿಲ್ಸ್ ಕಿಚನ್’ ಅಂತ ಹೆಸರಿಟ್ಟಿದ್ದರು. ಅಲ್ಲಿ ಜೀವ ತೆಗೆದದ್ದು ಬಂಡೆಗಳ ನಡುವಿನ ಆಳವಾದ ಸಂದು. ಬೇಲಿ ಹಾಕಿರುವುದು ಅದಕ್ಕೇ. ಹೊರಗಿನಿಂದ ನೋಡಿ, ಶೋಲಾ ಕಾಡಿನ ಬೇರುಗಳೇ ಕಣ್ತುಂಬಾ ಸಾಕು.

ಮಲೆನಾಡಿನಿಂದ

ಅಷ್ಟು ದೂರ ಆಗದಿದ್ದರೆ ಕುದುರೆಮುಖಕ್ಕೆ ಬನ್ನಿ. ಕಬ್ಬಿಣದ ಅದಿರು ತೆಗೆಯುವುದು 2005ರ ಕೊನೆಗೆ ನಿಂತಿತು, ಸುಪ್ರೀಂ ಕೋರ್ಟ್ ಆದೇಶ. ಅದಕ್ಕಾಗಿಯೇ ಕಟ್ಟಿದ್ದ ಊರು ನಿಧಾನಕ್ಕೆ ಖಾಲಿಯಾಯಿತು. ಸಾಲು ಸಾಲು ಮನೆಗಳು, ಹೆಂಚಿನ ಮೇಲೆ ಪಾಚಿ, ಹಿಂದೆ ಹಸಿರು ಬೆಟ್ಟ. ರಸ್ತೆಯಿಂದ ನೋಡಿ, ಮನೆಗಳ ಒಳಗೆ ಹೋಗಬೇಡಿ. ಶಿಖರ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಳ್ಳಿ.

ಹೋಂಸ್ಟೇಯಲ್ಲಿ ರಾತ್ರಿ ನಾಯಿ ಬೊಗಳಿದ ಹಾಗೆ ಕಾಡಿನಿಂದ ಕೇಳಿದರೆ ಅದು ಕಾಡುಕುರಿ. ಹೆಂಗಸು ಕಿರುಚಿದ ಹಾಗೆ ಕೇಳಿದರೆ ದೊಡ್ಡ ಜಾತಿಯ ಗೂಬೆ ಇರಬಹುದು. ಹೆದರಬೇಡಿ, ಮನೆಯವರನ್ನು ಕೇಳಿ. ನಿಮಗೆ ಒಳ್ಳೊಳ್ಳೆ ಕಥೆ ಸಿಗುವುದು ಆಗಲೇ, ಒಲೆ ಮುಂದೆ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಘಟ್ಟದ ಕೆಳಗೆ ನಾಗಬನ, ಭೂತಸ್ಥಾನ, ಕೊಡಗಿನಲ್ಲಿ ದೇವರಕಾಡು ಸಿಗುತ್ತವೆ. ಕೊಡಗಿನಲ್ಲೇ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಕತ್ತಲೆ ಇದೆ, ಸುಮ್ನೆ ನಿಂತ ಕಲ್ಲುಗಳಿವೆ ಅಂತ ಅವನ್ನು ದೆವ್ವದ ಜಾಗ ಮಾಡಬೇಡಿ. ಊರವರು ದಿನಾ ನಡೆದುಕೊಳ್ಳುವ ದೈವಗಳು ಅವು. ಕೇಳದೆ ಒಳಗೆ ಕಾಲಿಡಬೇಡಿ, ಫೋಟೋ ತೆಗೆಯಬೇಡಿ.

ಭಾನ್‌ಗಢ ನೋಡಿದವರು

ಗಿರಿಧಾಮ ಅಲ್ಲ, ಆದರೂ ಹೆಸರು ಬಂದೇ ಬರುತ್ತದೆ. ರಾಜಸ್ಥಾನದ ಅರಾವಳಿ ಬೆಟ್ಟದ ಬುಡದಲ್ಲಿದೆ, 16ನೇ ಶತಮಾನದ ಕೋಟೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಒಳಗೆ ಬರಬಾರದು ಅಂತ ಪುರಾತತ್ವ ಇಲಾಖೆಯ ಬೋರ್ಡು ಇದೆ. ಪಕ್ಕದಲ್ಲೇ ಸರಿಸ್ಕಾ ಹುಲಿ ಮೀಸಲು ಪ್ರದೇಶ, ಚಿರತೆ ಓಡಾಡುವ ಜಾಗ. ಬೋರ್ಡಿಗೆ ಅಷ್ಟು ಕಾರಣ ಸಾಲದೇ? ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ, ಆಮೇಲೆ ಜನ ಜಾಸ್ತಿ.

ಡ್ರೈವಿಂಗ್ ಬಗ್ಗೆ

ಕಾರಿನಲ್ಲಿ ಊಟಿ, ಕೊಡೈ ಕಡೆ ಮನಸ್ಸು ಮಾಡಿದರೆ ಇದು ನೆನಪಿರಲಿ. ಬಂಡೀಪುರದೊಳಗಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊಟಿಗೂ ಕೊಡೈಗೂ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ. ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಘಾಟಿಯಲ್ಲಿ ಮಂಜು ಬಿದ್ದರೆ ಹೈ ಬೀಮ್ ಹಾಕಬೇಡಿ, ಎದುರಿಗೆ ಬಿಳಿ ಗೋಡೆ ನಿಲ್ಲುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ಇಳಿಯುವಾಗ ಕಡಿಮೆ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇದ್ದರೆ ಬಿಸಿಯಾಗಿ ಹಿಡಿಯುವುದಿಲ್ಲ. ಹತ್ತುವ ಗಾಡಿಗೆ ದಾರಿ ಬಿಡಿ. ಸಂಜೆ ಐದರೊಳಗೆ ರೂಮು ಸೇರುವ ಹಾಗೆ ಪ್ಲಾನ್ ಮಾಡಿ. ಭಾವನವರೊಬ್ಬರೇ ಓಡಿಸುವುದಾದರೆ ಒಂದೇ ದಿನಕ್ಕೆ ಊಟಿ ಹತ್ತಬೇಡಿ, ಮೈಸೂರಿನಲ್ಲಿ ಒಂದು ರಾತ್ರಿ ಉಳಿದು ಹೋಗಿ.